‘ಕಾನೂನು ಪ್ರಕಾರ ಕಡ್ಡಾಯವೇ?’ ಎಂಬ ಕಾಲಂ

ತಮ್ಮಾ,

ನೀನು ಕೇಳಿದ್ದು ಇದು: ‘ಅಣ್ಣಾ, ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ಸರ್ಕಾರಿ ಇಲಾಖೆಯೊಂದರಲ್ಲಿ ಡೇಟಾ ಅನಲಿಸ್ಟ್ ಕೆಲಸ ಸಿಕ್ಕಿದೆ. ಆದರೆ ಅಲ್ಲಿ ಖರ್ಚು ಉಳಿಸೋಕೆ ಇಲಾಖೆಗಳನ್ನೇ ಮುಚ್ಚುತ್ತಿದ್ದಾರಂತೆ. ಸರ್ಕಾರಿ ಕೆಲಸ ಅಂದಮೇಲೆ ಭದ್ರ ಅಲ್ವಾ? ಬರಲಾ, ಬೇಡವಾ? ಮನೆ, ಚಳಿ ಎಲ್ಲ ಹೇಗೆ? ಕುಚ್ಚಲಕ್ಕಿ ಸಿಗುತ್ತಾ ಕೇಳು ಅಂದಳು ಅಮ್ಮ.’ ಇದೇ ಪ್ರಶ್ನೆಯನ್ನು ಈ ವರ್ಷ ಇನ್ನೂ ಮೂವರು ಕೇಳಿದ್ದಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಕುಚ್ಚಲಕ್ಕಿ ಸಿಗುತ್ತದೆ, ಅಮ್ಮನಿಗೆ ಹೇಳು. ಚಳಿ ರಿಪ್ಪನ್‌ಪೇಟೆಯವನಿಗೆ ತಡೆದುಕೊಳ್ಳುವಂಥದ್ದೇ. ಇಲ್ಲಿನ ಹಳೆ ಮನೆಗಳು ಥೇಟ್ ನಮ್ಮ ಆಷಾಢದ ಮನೆಗಳು: ಗೋಡೆ ಬೆವರುತ್ತದೆ, ಕಪಾಟಿನಲ್ಲಿಟ್ಟ ಬೆಲ್ಟಿಗೆ ಬೂಸ್ಟು ಹಿಡಿಯುತ್ತದೆ. ವ್ಯತ್ಯಾಸ ಇಷ್ಟೇ, ಒಲೆ ಮುಂದೆ ಹೋಗಿ ಕೂರೋಣ ಅಂದರೆ ಬಚ್ಚಲ ಒಲೆ ಇರುವುದಿಲ್ಲ. ಬಾಡಿಗೆ ವಾರದ ಲೆಕ್ಕ, ತಿಂಗಳದ್ದಲ್ಲ. ಕೊಡೆ ತರಬೇಡ, ಈ ಊರಿನ ಗಾಳಿಗೆ ಅದು ಒಂದು ದಿನ ಬಾಳುವುದಿಲ್ಲ. ಉಳಿದದ್ದು ಬಂದಮೇಲೆ ನಿನಗೇ ಗೊತ್ತಾಗುತ್ತದೆ.

ಭದ್ರವಾ ಅಂದೆಯಲ್ಲ, ಅದಕ್ಕೆ ಬರುತ್ತೇನೆ. ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿದೆ. ಇಲ್ಲಿ ದೇವರಿಗೂ ವರ್ಷವರ್ಷ ಬಜೆಟ್ ಪರಿಶೀಲನೆ ಇದೆ ಅಂದುಕೋ. ನೀನು ಓದಿದ ಸುದ್ದಿ ಸುಳ್ಳಲ್ಲ. 2023ರ ಚುನಾವಣೆ ಗೆದ್ದು ಬಂದ ಸರ್ಕಾರ ಇಲಾಖೆಗಳಿಗೆ ಶೇ. 6.5, ಕೆಲವಕ್ಕೆ ಶೇ. 7.5 ಖರ್ಚು ಇಳಿಸಿ ತೋರಿಸಿ ಅಂದಿತು. ಆಗ ಇಲಾಖೆಗಳಲ್ಲಿ ಇದ್ದವರು 65 ಸಾವಿರ ಚಿಲ್ಲರೆ ಜನ. ದೇಶದ ಜನಸಂಖ್ಯೆಯೇ 50 ಲಕ್ಷ ಚಿಲ್ಲರೆ, ಅಂದರೆ ನಮ್ಮ ಶಿವಮೊಗ್ಗ ಜಿಲ್ಲೆಯಂಥ ಮೂರು ಜಿಲ್ಲೆ. ವೆಲ್ಲಿಂಗ್ಟನ್ ನಿಂತಿರುವುದೇ ಕಚೇರಿಗಳ ಮೇಲೆ. ಸಾವಿರಾರು ಹುದ್ದೆ ಹೋದಾಗ ಮಧ್ಯಾಹ್ನ ಸಾಲು ನಿಲ್ಲುತ್ತಿದ್ದ ಕಾಫಿ ಅಂಗಡಿಗಳೂ ಬಣಗುಟ್ಟಿದವು.

ಒಂದು ತಮಾಷೆ ಕೇಳು. ಪ್ರೊಡಕ್ಟಿವಿಟಿ ಕಮಿಷನ್ ಅಂತ 2011ರಲ್ಲಿ ಶುರುವಾದ ಒಂದು ಸಂಸ್ಥೆಯಿತ್ತು. ದೇಶದ ದುಡಿಮೆ ಯಾಕೆ ಹಿಂದೆ ಬಿದ್ದಿದೆ ಎಂದು ಹುಡುಕುವುದು ಅದರ ಕೆಲಸ. 2024ರ ಫೆಬ್ರುವರಿ 29ಕ್ಕೆ ಅದನ್ನು ಮುಚ್ಚಿದರು. ಮಾರನೇ ದಿನ, ಮಾರ್ಚ್ 1ಕ್ಕೆ, ಅನಗತ್ಯ ಕಾಯಿದೆ ಕಟ್ಟಳೆ ಕಡಿಮೆ ಮಾಡುವುದಕ್ಕೆಂದು ಮಿನಿಸ್ಟ್ರಿ ಫಾರ್ ರೆಗ್ಯುಲೇಷನ್ ಎಂಬ ಹೊಸ ಸಚಿವಾಲಯವೇ ತೆರೆಯಿತು! ಇದನ್ನು ಕೇಳಿದರೆ ನಮ್ಮೂರ ಶಾನುಭೋಗರ ಮೊಮ್ಮಕ್ಕಳೂ ನಕ್ಕಾರು.

ಹಾಗಂತ ನಾನು ಇಲಾಖೆಗಳ ವಕೀಲನಲ್ಲ. ಔಷಧಿ ಹೊಡೆಯುವ ಪಂಪಿನ ಸಬ್ಸಿಡಿಗೆ ನನ್ನಪ್ಪ ಶಿವಮೊಗ್ಗದ ಒಂದು ಕಚೇರಿಗೆ ಏಳು ಸಲ ಅಲೆದ. ಆ ವರ್ಷ ಕೊಳೆರೋಗ ಬಂದು, ಗೊನೆ ಉದುರಿ, ಮಳೆಗಾಲ ಮುಗಿದು, ದೀಪಾವಳಿ ಆದಮೇಲೆ ಮಂಜೂರಾತಿ ಪತ್ರ ಬಂತು. ಅದರಲ್ಲೂ ಸರ್ವೆ ನಂಬರ್ ತಪ್ಪು. ಆ ಕಚೇರಿಯಲ್ಲಿ ಅಪ್ಪನ ಪಕ್ಕ ಬೆಂಚಿನ ಮೇಲೆ ಕೂತಿದ್ದ ಹುಡುಗ ನಾನು. ಇಂಥವಕ್ಕೆಲ್ಲ ಬೀಗ ಹಾಕಬೇಕು ಎಂಬ ಸಿಟ್ಟು ಮನಸ್ಸಿನಲ್ಲಿ ಇಟ್ಟುಕೊಂಡೇ ವಿಮಾನ ಹತ್ತಿದವನು. ನಮ್ಮ ರಾಜ್ಯದಲ್ಲಿ ಹಾರನಹಳ್ಳಿ ರಾಮಸ್ವಾಮಿ ಅವರ ಆಡಳಿತ ಸುಧಾರಣಾ ಆಯೋಗ ಬಂತು, ಆಮೇಲೆ ಟಿ.ಎಂ. ವಿಜಯಭಾಸ್ಕರ್ ಅವರ ಆಯೋಗವೂ ಬಂತು. ಒಂದೇ ಕೆಲಸಕ್ಕೆ ಎರಡು ಮೂರು ನಿಗಮ-ಮಂಡಳಿ ಇಟ್ಟುಕೊಳ್ಳುವುದು ಬೇಡ ಎಂದರೆ ಇವತ್ತಿಗೂ ಕೈ ಎತ್ತುವವರಲ್ಲಿ ನಾನು ಮೊದಲಿಗ.

ನಾನು ಇಲ್ಲಿಗೆ ಬಂದದ್ದು 2008ರ ಜೂನ್‌ನಲ್ಲಿ. ಊರಲ್ಲಿ ಮಳೆ ಹಿಡಿದಿತ್ತು. ಅಪ್ಪ ಕಂಬಳಿಕೊಪ್ಪೆ ಹಾಕಿಕೊಂಡು ಹೊಸನಗರ ತಾಲ್ಲೂಕಿನ ನಮ್ಮೂರು ನಗರದ ಬಸ್‌ಸ್ಟ್ಯಾಂಡಿನವರೆಗೂ ಬಂದು, ‘ಅಲ್ಲಿ ಮಳೆ ಎಷ್ಟು ಅಂತ ನೋಡಿ ಬರೆ’ ಅಂದ. ಸಂಬಳ ಕೇಳಲಿಲ್ಲ. ನಿಮ್ಮ ಮನೆಯಲ್ಲೂ ಮಳೆಲೆಕ್ಕ ಬರೆಯುತ್ತಿದ್ದರಲ್ಲ, ಹಾಗಾಗಿ ನಿನಗೆ ವಿವರಿಸಬೇಕಿಲ್ಲ. ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕ ನೋಡಿ, ಇಂಚಿನಲ್ಲಿ ಬರೆಯದೆ ಅಪ್ಪ ತಿಂಡಿಗೆ ಕೂರುತ್ತಿರಲಿಲ್ಲ.

ನನಗೆ ಸಿಕ್ಕಿದ್ದು ಒಂದು ಇಲಾಖೆಯ ಹಣಕಾಸು ವಿಭಾಗ. ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಹಳೆ ನಕ್ಷೆ, ಫೀಲ್ಡ್ ಪುಸ್ತಕಗಳ ಒಂದು ಕೊಠಡಿ. ಯಾವ ಗುಡ್ಡದ ಕೆಳಗೆ ಮೋರಿ ಹಾಕಿದ್ದಾರೆ, ಯಾವ ಹೊಳೆ ಯಾವ ವರ್ಷ ಎಷ್ಟು ಏರಿತ್ತು, ರಸ್ತೆ ಕಡಿದಾಗ ಮಣ್ಣು ಎಲ್ಲಿ ಜಾರಿತ್ತು, ಎಲ್ಲ ಅಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಅರವತ್ತರ ಹತ್ತಿರದ ಒಬ್ಬ ಹೆಂಗಸು. ಮೊದಲ ವಾರ ತೆಳು ಅಂಗಿಯಲ್ಲಿ ನಡುಗುತ್ತಿದ್ದ ನನ್ನನ್ನು ನೋಡಿ ಮಾರನೇ ದಿನ ತಮ್ಮ ಗಂಡನ ಉಣ್ಣೆ ಕೋಟು ತಂದುಕೊಟ್ಟರು. ಚಹದ ಹೊತ್ತಿನಲ್ಲಿ ಅಪ್ಪನ ಮಳೆಲೆಕ್ಕದ ವಿಷಯ ಹೇಳಿದೆ. ಹುಲಿಕಲ್, ಆಗುಂಬೆ ಕಡೆ ವರ್ಷಕ್ಕೆ ಮುನ್ನೂರು ಇಂಚು ಎಂದರೆ ನಂಬದೆ ಎರಡು ಸಲ ಕೇಳಿದರು. ಆಮೇಲೆ ಒಳಗೆ ಹೋಗಿ ಒಂದು ಹಳದಿ ರಟ್ಟಿನ ಪುಸ್ತಕ ತಂದರು. ಮಳೆಯಲ್ಲಿ ನೆನೆದರೂ ಹರಿಯದ ಹಾಳೆ, ಫೀಲ್ಡಿನವರು ಬಳಸುವಂಥದ್ದು. ‘ನಿಮ್ಮ ತಂದೆಗೆ’ ಅಂದರು. ಅದು ಅಂಚೆಯಲ್ಲಿ ಊರಿಗೆ ಹೋಯಿತು. ಅಪ್ಪ ಆ ವರ್ಷದಿಂದ ಅದರಲ್ಲೇ ಬರೆದ.

ಈ ದೇಶ ಇಲಾಖೆ ಮುಚ್ಚಿದ ಹಳೆ ಕಥೆಗಳನ್ನು ನನಗೆ ಹೇಳಿದ್ದೂ ಅವರೇ. 1984ರಲ್ಲಿ ಇಲ್ಲಿ ವಿದೇಶಿ ವಿನಿಮಯ ಬರಿದಾಗಿ ದೊಡ್ಡ ಬಿಕ್ಕಟ್ಟು ಬಂತು. 1987ರಲ್ಲಿ ಅರಣ್ಯ ಸೇವೆಯನ್ನು ಒಡೆದು, ಮರ ಕಡಿದು ಮಾರುವುದಕ್ಕೊಂದು ಕಾರ್ಪೊರೇಷನ್, ಕಾಡು ಕಾಯುವುದಕ್ಕೊಂದು ಇಲಾಖೆ ಮಾಡಿದರು. ಮರುವರ್ಷ ಲೋಕೋಪಯೋಗಿ ಸಚಿವಾಲಯವೇ ಇಲ್ಲವಾಯಿತು. 1988ರ ಫೆಬ್ರುವರಿ 5, ಒಂದೇ ದಿನ, 432 ಅಂಚೆ ಕಚೇರಿಗಳಿಗೆ ಬೀಗ. ಪೈನ್ ಪ್ಲಾಂಟೇಶನ್ ನಂಬಿಕೊಂಡು ಬೆಳೆದ ಮುರುಪಾರ ಎಂಬ ಊರಿದೆ. ಒಮ್ಮೆ ಹೋಗಿದ್ದೆ. ಮುಚ್ಚಿದ ಅಂಗಡಿ ಸಾಲು, ಹಿಂದೆ ಕಣ್ಣು ಹರಿಯುವಷ್ಟೂ ಒಂದೇ ಜಾತಿಯ ಮರ. ಎಂ.ಪಿ.ಎಂ. ಕಾಗದ ಕಾರ್ಖಾನೆ ನಿಂತ ಮೇಲಿನ ಭದ್ರಾವತಿ ಪೇಪರ್ ಟೌನ್ ನೆನಪಾಗಿ ಕಾರಿನಿಂದ ಇಳಿಯಲಿಲ್ಲ. ನಮ್ಮ ಕಡೆಯ ಅಕೇಶಿಯಾ ಹಾಗೆಯೇ, ಕಾರ್ಖಾನೆ ಹೋದರೂ ಮರ ಬೆಳೆಯುತ್ತಲೇ ಇರುತ್ತದೆ.

ಅದು ದುಡ್ಡಿನ ಸಂಕಟ, ಆಗದೆ ವಿಧಿಯಿರಲಿಲ್ಲ ಎನ್ನುವವರು ಇಲ್ಲಿ ಬಹಳ ಜನ. ಇರಬಹುದು. ಆದರೆ ಕಾಡು ಕಾಯುವ ಆ ಹೊಸ ಇಲಾಖೆಗೆ ದುಡ್ಡೂ ಸಾಲದು, ಜನವೂ ಸಾಲದು. ಕೇವ್ ಕ್ರೀಕ್ ಎಂಬಲ್ಲಿ ಕಂದರ ನೋಡಲೆಂದು ಅದರ ಸಿಬ್ಬಂದಿಯೇ ಒಂದು ಮರದ ಅಟ್ಟಣಿಗೆ ಕಟ್ಟಿದರು. ಎಂಜಿನಿಯರ್ ನೋಡಲಿಲ್ಲ, ಕಟ್ಟಡದ ಪರವಾನಗಿ ಇರಲಿಲ್ಲ. ಬೋಲ್ಟ್ ಹಾಕುವಲ್ಲಿ ಮೊಳೆ ಹೊಡೆದರು, ರಂಧ್ರ ಕೊರೆಯುವ ಡ್ರಿಲ್ ಅವತ್ತು ಸ್ಥಳದಲ್ಲಿರಲಿಲ್ಲ. 1995ರ ಏಪ್ರಿಲ್ 28ರಂದು ಅದು ಕುಸಿದು 14 ಜನ ಸತ್ತರು, ಹದಿಮೂರು ಮಂದಿ ವಿದ್ಯಾರ್ಥಿಗಳು. ತನಿಖೆ ಮಾಡಿದ ನ್ಯಾಯಾಧೀಶರು ಯಾರೋ ಒಬ್ಬನ ಕಡೆ ಬೆರಳು ತೋರಿಸಲಿಲ್ಲ. ಕೊಟ್ಟ ಕೆಲಸಕ್ಕೆ ತಕ್ಕ ಹಣ, ವ್ಯವಸ್ಥೆ ಇಲ್ಲದ ಇಲಾಖೆಯ ಸೋಲು ಇದು ಎಂದರು. ಡ್ರಿಲ್ಲಿನ ವಿಷಯ ಹೇಳುವಾಗ ನೆಲಮಾಳಿಗೆಯ ಆ ಹೆಂಗಸು ಚಹದ ಲೋಟ ಕೆಳಗಿಟ್ಟದ್ದು ನನಗೆ ಈಗಲೂ ಕಾಣುತ್ತದೆ.

ಇಷ್ಟೆಲ್ಲ ಕೇಳಿಸಿಕೊಂಡವನು ಮಾಡಿದ್ದೇನು, ಅದನ್ನೂ ಕೇಳು.

2009ರಲ್ಲಿ ಆಗಿನ ಸರ್ಕಾರ ಇಲಾಖೆಗಳ ಒಟ್ಟು ಹುದ್ದೆಗೆ ಮಿತಿ ಹಾಕಿತ್ತು. 2012ರಲ್ಲಿ ನಮ್ಮ ಇಲಾಖೆಯಲ್ಲಿ ರೀಸ್ಟ್ರಕ್ಚರ್ ಬಂತು. ಯಾವ ಘಟಕ ಬೇಕು, ಯಾವುದು ಬೇಡ ಎಂಬ ಪಟ್ಟಿ ತಯಾರಿಸುವ ಕೆಲಸ ನನ್ನದಾಯಿತು. ಹೆಮ್ಮೆಪಟ್ಟೆ, ಸುಳ್ಳು ಯಾಕೆ ಹೇಳಲಿ. ನಾಲ್ಕೇ ವರ್ಷದಲ್ಲಿ ನಗರದ ಹುಡುಗನ ಕೈಗೆ ಇಂಥ ಪಟ್ಟಿ! ಎಕ್ಸೆಲ್ ಹಾಳೆಯಲ್ಲಿ ಕಾಲಂ ಮಾಡಿದೆ: ಸಿಬ್ಬಂದಿ, ಖರ್ಚು, ‘ಕಾನೂನು ಪ್ರಕಾರ ಕಡ್ಡಾಯವೇ?’. ನೆಲಮಾಳಿಗೆಯ ಕೊಠಡಿಯ ಸಾಲಿನಲ್ಲಿ ಎರಡೂವರೆ ಹುದ್ದೆ ಎಂದು ಬರೆದೆ, ಕಡ್ಡಾಯವೇ ಎಂಬಲ್ಲಿ ‘ಇಲ್ಲ’ ಎಂದು ಬರೆದೆ. ಅದು ಸತ್ಯವೇ. ಯಾವ ಕಾನೂನೂ ಆ ಕೊಠಡಿ ಇರಲೇಬೇಕು ಅಂದಿರಲಿಲ್ಲ. ನನ್ನಪ್ಪ ದಿನಾ ಎಂಟೂವರೆಗೆ ಅಂಗಳಕ್ಕೆ ಇಳಿಯಬೇಕು ಎಂದೂ ಯಾವ ಕಾನೂನಿನಲ್ಲೂ ಇರಲಿಲ್ಲ. ಆ ಹೊತ್ತಿಗೆ ಅದು ಹೊಳೆಯಲಿಲ್ಲ.

ಇಲ್ಲಿ ಎಲ್ಲ ಮರ್ಯಾದೆಯಿಂದ ನಡೆಯುತ್ತದೆ. ನಿನ್ನನ್ನು ತೆಗೆದೆವು ಎನ್ನುವುದಿಲ್ಲ, ನಿನ್ನ ಹುದ್ದೆ ರದ್ದಾಗಿದೆ ಎನ್ನುತ್ತಾರೆ. ಕುರ್ಚಿ ಹೋಯಿತು, ನೀನು ಅದರ ಮೇಲೆ ಕೂತಿದ್ದೆ, ಅಷ್ಟೆ. ಮೊದಲು ಪ್ರಸ್ತಾವನೆ ಹಂಚುತ್ತಾರೆ, ಅಭಿಪ್ರಾಯ ಕೇಳುತ್ತಾರೆ. ನೆಲಮಾಳಿಗೆಯ ಆ ಹೆಂಗಸು ಬರೆದುಕೊಟ್ಟದ್ದು ಅರ್ಧ ಪುಟ. ಬಂದ ಅಭಿಪ್ರಾಯಗಳ ಸಾರಾಂಶ ಬರೆದವನು ನಾನು. ಆ ಅರ್ಧ ಪುಟವನ್ನು ಒಂದು ಸಾಲು ಮಾಡಿ, ಎದುರಿಗೆ ‘ಪರಿಣಾಮ: ಕಡಿಮೆ’ ಎಂದು ಹಾಕಿದೆ.

ಪಟ್ಟಿ ನನ್ನದು ಎಂದು ಅವರಿಗೆ ಗೊತ್ತಿರಲಿಲ್ಲ. ಹಣಕಾಸಿನ ಹುಡುಗ, ಪರಿಚಯದವನು ಎಂದು ಪರಿಹಾರದ ಲೆಕ್ಕ ಸರಿಯಿದೆಯಾ ನೋಡಿಕೊಡು ಅಂತ ನನ್ನ ಹತ್ತಿರವೇ ಬಂದರು. ಕೂತು ನೋಡಿದೆ. ಉಳಿದ ರಜೆಯ ದಿನಗಳಲ್ಲಿ ಒಂದು ತಪ್ಪು ಸಿಕ್ಕಿ ಸ್ವಲ್ಪ ಹೆಚ್ಚು ಡಾಲರ್ ಬಂತು. ಥ್ಯಾಂಕ್ಸ್ ಹೇಳಿ ಹೋದರು. ನಾನು ಬಾಯಿ ಬಿಡಲಿಲ್ಲ.

ಆಮೇಲೆ ಸಿನಿಮಾ ಥರ ಏನೂ ಅನಾಹುತ ಆಗಲಿಲ್ಲ. ಪೆಟ್ಟಿಗೆಗಳು ಊರಾಚೆಯ ಗೋದಾಮಿಗೆ ಹೋದವು. 2016ರ ನವೆಂಬರ್‌ನಲ್ಲಿ ಕೈಕೌರಾ ಭೂಕಂಪವಾಗಿ ಗುಡ್ಡ ಜಾರಿ ಹೆದ್ದಾರಿ ಮುಚ್ಚಿದಾಗ ಹಳೆ ಕಾಗದ ಹುಡುಕುವವರು ಬಂದರು. ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬುದು ಆ ಹೆಂಗಸಿನ ತಲೆಯಲ್ಲಿತ್ತೇ ಹೊರತು ಕಂಪ್ಯೂಟರಿನಲ್ಲಿ ಇರಲಿಲ್ಲ. ಹುಡುಕಲು ಹೊರಗಿನ ಕನ್ಸಲ್ಟೆಂಟ್ ಕರೆಸಿದೆವು. ಅವನ ಒಂದು ಗಂಟೆಯ ಬಿಲ್ಲು ಹತ್ತಿರ ಹತ್ತಿರ ಅವರ ಒಂದು ದಿನದ ಸಂಬಳ. ಬಿಲ್ಲಿಗೆ ಸಹಿ ಹಾಕಿದವನೂ ನಾನೇ. ಇದು ನಮ್ಮೊಬ್ಬರ ಕಥೆಯಲ್ಲ. ಹುದ್ದೆಗೆ ಮಿತಿ ಹಾಕಿದ ವರ್ಷಗಳಲ್ಲಿ ಗುತ್ತಿಗೆಯವರು, ಸಲಹೆಗಾರರ ಖರ್ಚು ಏರಿತೆಂದು 2018ರಲ್ಲಿ ಮುಂದಿನ ಸರ್ಕಾರ ಆ ಮಿತಿಯನ್ನೇ ತೆಗೆಯಿತು. ಹುದ್ದೆ ಒಂದು ಖಾತೆ, ಗುತ್ತಿಗೆ ಇನ್ನೊಂದು ಖಾತೆ. ತೋಟದ ಆಳಿನ ಕೂಲಿ ಉಳಿಸಿ ಅದೇ ಕೆಲಸವನ್ನು ಗುತ್ತಿಗೆ ಕೊಟ್ಟರೆ ವರ್ಷದ ಕೊನೆಗೆ ಏನಾಗುತ್ತದೆ ಎಂದು ನಿನ್ನಪ್ಪನನ್ನು ಕೇಳು.

ಈಗ ನಿನ್ನ ವಿಷಯ. ಬಾ. ಆದರೆ ಕರಾರಿನಲ್ಲಿ ರಿಡಂಡೆನ್ಸಿ ಎಂಬ ಪ್ಯಾರಾ ಇದೆಯಾ ನೋಡು. ಹುದ್ದೆ ಹೋದರೆ ಪರಿಹಾರ ಕೊಡಲೇಬೇಕು ಎಂಬ ಕಾನೂನು ಈ ದೇಶದಲ್ಲಿಲ್ಲ, ಕರಾರಿನಲ್ಲಿ ಇದ್ದರೆ ಉಂಟು. ಉದ್ಯೋಗದಾತರಿಗೆ ಕಟ್ಟಿದ ವೀಸಾ ಆದ್ದರಿಂದ ಕೆಲಸ ಹೋದರೆ ವೀಸಾದ ಚಿಂತೆಯೂ ಶುರು, ನಿರುದ್ಯೋಗ ಭತ್ಯೆ ನಿನಗೆ ಸಿಗುವುದಿಲ್ಲ. ಆರು ತಿಂಗಳ ಖರ್ಚು ಕೈಯಲ್ಲಿ ಆಗುವವರೆಗೆ ಸಾಲದಲ್ಲಿ ಕಾರು ತೆಗೆಯಬೇಡ. ನಿನ್ನ ಅಕ್ಕಪಕ್ಕದ ಸೆಕ್ಷನ್‌ನವರು ಏನು ಮಾಡುತ್ತಾರೆ ಎಂದು ಅವರ ಮೇಜಿನ ಹತ್ತಿರ ಹೋಗಿ ನೋಡು. ಯಾವಾಗಲಾದರೂ ನಿನ್ನ ಕೈಗೂ ಒಂದು ಹಾಳೆ ಬರಬಹುದು, ನೀನು ಡೇಟಾದವನು.

ನನ್ನದೊಂದು ಕೆಲಸವಿದೆ. ನಗರ ನಿನಗೆ ದಾರಿಯಲ್ಲಲ್ಲ ಅಂತ ಗೊತ್ತು, ಆದರೂ ಹೊರಡುವ ಮೊದಲು ನಮ್ಮ ಮನೆಗೆ ಹೋಗಿ ಬಾ. ಅತ್ತಿಗೆ ಕಾಫಿ ಕುಡಿಸದೆ ಬಿಡುವುದಿಲ್ಲ. ಅಟ್ಟದ ಮೇಲೆ, ಅಡಿಕೆ ಚೀಲಗಳ ಪಕ್ಕದ ಟ್ರಂಕಿನಲ್ಲಿ ಆ ಹಳದಿ ಪುಸ್ತಕವಿದೆ. ಅಪ್ಪ ಹೋದಮೇಲೆ ಅದನ್ನು ಯಾರೂ ಮುಟ್ಟಿಲ್ಲ, ಮಳೆಮಾಪಕವನ್ನೂ. ಆ ಪುಸ್ತಕ ಕೊಟ್ಟವರು ಈಗ ವೆಲ್ಲಿಂಗ್ಟನ್ ಹತ್ತಿರದ ವೈರರಾಪದಲ್ಲಿ ಮಗಳ ಮನೆಯಲ್ಲಿದ್ದಾರೆ. ಪ್ರತಿ ಡಿಸೆಂಬರ್ ಕಾರ್ಡ್ ಬರುತ್ತದೆ, ಕೊನೆಯಲ್ಲಿ ಈ ವರ್ಷ ನಿಮ್ಮೂರಲ್ಲಿ ಮಳೆ ಎಷ್ಟು ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಇಂಟರ್‌ನೆಟ್ಟಿನಲ್ಲಿ ನೋಡಿ ಬರೆಯುತ್ತೇನೆ. ಈ ಸಲ ಪುಸ್ತಕವನ್ನೇ ತೆಗೆದುಕೊಂಡು ಹೋಗಬೇಕೆಂದಿದ್ದೇನೆ, ಪಟ್ಟಿಯ ವಿಷಯವನ್ನೂ.

ಅಪ್ಪೆಮಿಡಿ ತಂದರೆ ಏರ್‌ಪೋರ್ಟ್ ಫಾರ್ಮಿನಲ್ಲಿ ಬರಿ, ಮುಚ್ಚಿಟ್ಟರೆ 400 ಡಾಲರ್ ದಂಡ. ಜೇನುತುಪ್ಪ ಬೇಡವೇ ಬೇಡ. ಪುಸ್ತಕಕ್ಕೆ ಏನೂ ತೊಂದರೆಯಿಲ್ಲ, ಬಟ್ಟೆಯ ನಡುವೆ ಇಡು. ಅಪ್ಪನಿಗೆ ಹಾಳೆಗಳ ನಡುವೆ ಎಲೆ-ಗಿಲೆ ಇಡುವ ಅಭ್ಯಾಸವಿತ್ತು, ಅಂಗಳದಲ್ಲಿ ನಿಂತು ಒಮ್ಮೆ ಚೆನ್ನಾಗಿ ಕೊಡವಿ ತಾ.