ಅಪ್‌ಡೇಟ್ ಬರಲಿ, ನೀವು ಕರೆದ ಹೊತ್ತಿಗೆ

ಪ್ರಶ್ನೆ: ನಾನು ಸಣ್ಣ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಉಬುಂಟು 22.04 ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಇದೆ. ನೆಟ್‌ಗೆ ಮೊಬೈಲ್ ಹಾಟ್‌ಸ್ಪಾಟೇ ಗತಿ, ದಿನಕ್ಕೆ ಒಂದೂವರೆ ಜಿಬಿ. ತಾನಾಗಿ ಅಪ್‌ಡೇಟ್ ಇಳಿದು ಕೆಲವು ದಿನ ಮಧ್ಯಾಹ್ನಕ್ಕೆ ಡೇಟಾ ಖಾಲಿ. ಪಹಣಿ ತೆಗೆಸಲು ಬಂದವರು ಬೆಂಚಿನ ಮೇಲೆ ಕಾಯುತ್ತಾ ಕೂರುತ್ತಾರೆ. ಫೈರ್‌ಫಾಕ್ಸ್ ಮುಚ್ಚಿ, ಇನ್ನು 13 ದಿನ ಇದೆ ಎಂದು ಪರದೆ ಮೇಲೆ ಬೇರೆ ಬರುತ್ತಿರುತ್ತದೆ. ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್‌ನಲ್ಲಿ ಎಲ್ಲಾ ಆಫ್ ಮಾಡಿದರೂ ನಿಲ್ಲಲಿಲ್ಲ. ಪೂರ್ತಿ ನಿಲ್ಲಿಸುವುದು ಹೇಗೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನೀವು ಮುಂಬಾಗಿಲು ಮುಚ್ಚಿದ್ದೀರಿ, ಹಿತ್ತಿಲ ಬಾಗಿಲು ತೆರೆದೇ ಇದೆ. ಉಬುಂಟುವಿಗೆ ಅಪ್‌ಡೇಟ್ ಎರಡು ದಾರಿಯಲ್ಲಿ ಬರುತ್ತದೆ. ಒಂದು ಆಪ್ಟ್, ಇನ್ನೊಂದು ಸ್ನ್ಯಾಪ್; ಎರಡೂ ಪ್ರೋಗ್ರಾಮ್‌ಗಳನ್ನು ತಂದು ಹಾಕುವ ವ್ಯವಸ್ಥೆಗಳು. ನೀವು ಆಫ್ ಮಾಡಿದ್ದು ಆಪ್ಟ್ ಮಾತ್ರ. 22.04ರಲ್ಲಿ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಆಗಿ. ಸ್ನ್ಯಾಪ್ ದಿನಕ್ಕೆ 4 ಸಲ ಹೊಸದು ಬಂದಿದೆಯಾ ಎಂದು ತಾನೇ ಹೋಗಿ ನೋಡುತ್ತದೆ. ಸಿಕ್ಕಿದರೆ ಕೇಳದೆ ಇಳಿಸಿಕೊಳ್ಳುತ್ತದೆ. ಫೈರ್‌ಫಾಕ್ಸ್ ಪೂರ್ತಿ ಇಳಿದರೆ 200 ಎಂಬಿಗೂ ಜಾಸ್ತಿ. ನಿಮ್ಮಂಥ ಡೇಟಾ ಪ್ಯಾಕಿಗೆ ಅದು ದೊಡ್ಡ ಪೆಟ್ಟು.

ಆ 13 ದಿನದ ಲೆಕ್ಕ ಏನೆಂದರೆ, ಪ್ರೋಗ್ರಾಮ್ ತೆರೆದಿದ್ದರೆ ಸ್ನ್ಯಾಪ್ 14 ದಿನ ಕಾಯುತ್ತದೆ. ಅಷ್ಟರಲ್ಲಿ ನೀವು ಮುಚ್ಚದಿದ್ದರೆ ಬಲವಂತವಾಗಿ ಬದಲಿಸುತ್ತದೆ. ಯಾರದೋ ಅರ್ಜಿ ಅರ್ಧ ತುಂಬಿದಾಗ ಹಾಗಾದರೆ ಎಷ್ಟು ಕಷ್ಟ ಅಲ್ವಾ? ಆ ಸೂಚನೆ ಕಂಡ ದಿನ ರಾತ್ರಿ ಫೈರ್‌ಫಾಕ್ಸ್ ಮುಚ್ಚುವುದೇ ಒಳ್ಳೆಯದು.

ಆದರೆ ಪೂರ್ತಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಫೈರ್‌ಫಾಕ್ಸ್‌ನಲ್ಲಿ ದಿನವೂ ಊರವರ ಆಧಾರ್ ನಂಬರ್, ಬ್ಯಾಂಕ್ ವಿವರ, ಪಾಸ್‌ವರ್ಡ್ ಓಡಾಡುತ್ತವೆ. ಅವರು ನಿಮ್ಮನ್ನು ನಂಬಿ ಕೊಡುತ್ತಾರೆ. ಹಳೆಯ ಬ್ರೌಸರಿನ ತೂತುಗಳನ್ನು ಮುಚ್ಚುವುದೇ ಈ ಅಪ್‌ಡೇಟ್‌ಗಳು.

ನಾನು ಒಮ್ಮೆ ಪೂರ್ತಿ ನಿಲ್ಲಿಸಿದ್ದೆ. ಹೈಸ್ಕೂಲೊಂದರ ಲ್ಯಾಬಿನಲ್ಲಿ 12 ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಕಾಲ. ನೆಟ್‌ಗೆ ಒಂದೇ ಡಾಂಗಲ್. ತಡೆಯಲಾರದೆ ಎಲ್ಲದರಲ್ಲೂ ಅಪ್‌ಡೇಟ್ ಬಂದ್ ಮಾಡಿದೆ. ಎಂಟು ತಿಂಗಳು ಹಾಯಾಗಿತ್ತು. ಆಮೇಲೆ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕೂತರೆ ಹಳೆಯ ಬ್ರೌಸರಿನಲ್ಲಿ ಆ ಪುಟ ತೆರೆಯಲೇ ಇಲ್ಲ. ಎಂಟು ತಿಂಗಳ ಬಾಕಿಯನ್ನು ಆ ಒಂದು ಡಾಂಗಲ್‌ನಲ್ಲಿ 12 ಯಂತ್ರಕ್ಕೂ ಇಳಿಸಲು ಎರಡು ದಿನ ಹಿಡಿಯಿತು. ಅಪ್ಪನ ಆದಾಯ ಪತ್ರ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಹುಡುಗಿಯೊಬ್ಬಳ ಮುಖ ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ನಾನು ಅಪ್‌ಡೇಟ್ ನಿಲ್ಲಿಸುವುದಿಲ್ಲ, ಅದಕ್ಕೆ ಹೊತ್ತು ಗೊತ್ತು ಮಾಡುತ್ತೇನೆ.

ನೀವು ಮಾಡಬೇಕಾದ್ದು ಇಷ್ಟು. ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಇಂಗ್ಲಿಷ್ ಅಕ್ಷರದಲ್ಲಿ ಸುಡೋ, ಸ್ನ್ಯಾಪ್, ರಿಫ್ರೆಶ್ ಎಂದು ಒಂದೊಂದು ಜಾಗ ಬಿಟ್ಟು ಬರೆಯಿರಿ. ಕೊನೆಗೆ ಜಾಗ ಬಿಟ್ಟು ಎರಡು ಅಡ್ಡಗೆರೆ ಹಾಕಿ, ಅದಕ್ಕೆ ಅಂಟಿಸಿ ಹೋಲ್ಡ್ ಎಂದು ಸೇರಿಸಿ (sudo snap refresh --hold) ಎಂಟರ್ ಒತ್ತಿ. ಎಲ್ಲಾ ಸ್ನ್ಯಾಪ್‌ಗಳೂ ತಾವಾಗಿ ಇಳಿಯುವುದು ನಿಂತಿತು, ನೀವು ತೆಗೆಯುವ ತನಕ. ಈ ಸೌಲಭ್ಯ 2022ರ ಕೊನೆಗೆ ಬಂದದ್ದು. ಅದಕ್ಕೆ ಮುಂಚೆ ಒಂದಷ್ಟು ದಿನ ಮುಂದೂಡಬಹುದಿತ್ತು, ಅಷ್ಟೇ. ಬಳಸುವವರು ವರ್ಷಗಟ್ಟಲೆ ಕೇಳಿ ಕೇಳಿ ಪಡೆದದ್ದು, ಧೈರ್ಯವಾಗಿ ಬಳಸಿ. ಬೇಡವೆನಿಸಿದರೆ ಹೋಲ್ಡ್ ಬದಲು ಅನ್‌ಹೋಲ್ಡ್ ಎಂದು ಬರೆದರೆ ಆಯಿತು.

ಈಗ ವಾರಕ್ಕೊಂದು ಹೊತ್ತು ಇಟ್ಟುಕೊಳ್ಳಿ. ಭಾನುವಾರ ಅಂಗಡಿ ರಜೆಯಿದ್ದರೆ ಅವತ್ತಿನ ಡೇಟಾ ಸುಮ್ನೆ ಹೋಗುತ್ತದಲ್ಲ, ಅದು ಇದಕ್ಕೇ ಇರಲಿ. ಫೈರ್‌ಫಾಕ್ಸ್ ಮುಚ್ಚಿ, ಹೋಲ್ಡ್ ಇಲ್ಲದೆ ಸುಡೋ ಸ್ನ್ಯಾಪ್ ರಿಫ್ರೆಶ್ ಎಂದಷ್ಟೇ ಕೊಡಿ. ಆ ಹೋಲ್ಡ್ ತಡೆಯುವುದು ತಾನಾಗಿ ಬರುವುದನ್ನು ಮಾತ್ರ, ನೀವಾಗಿ ಕರೆದರೆ ಬರುತ್ತದೆ. ಆಪ್ಟ್ ಕಡೆಯದಕ್ಕೆ ಸುಡೋ ಆಪ್ಟ್ ಅಪ್‌ಡೇಟ್ (sudo apt update), ಆಮೇಲೆ ಸುಡೋ ಆಪ್ಟ್ ಅಪ್‌ಗ್ರೇಡ್ (sudo apt upgrade). ಅದು ನಡೆಯುವಾಗ ಮಾತ್ರ ಕರೆಂಟ್ ಹೋಗಬಾರದು. ನಿಮ್ಮ ಕಡೆ ಮಳೆಗಾಲದ ಕರೆಂಟ್ ಗೊತ್ತೇ ಇದೆ, ಯುಪಿಎಸ್ ಚಾರ್ಜ್ ಇದ್ದಾಗಲೇ ಶುರು ಮಾಡಿ. ಹಾಗೂ ಮಧ್ಯದಲ್ಲಿ ನಿಂತುಹೋದರೆ ಗಾಬರಿ ಬೇಡ. ಸುಡೋ ಡಿಪಿಕೆಜಿ ಎಂದು ಬರೆದು ಜಾಗ ಬಿಡಿ, ಎರಡು ಅಡ್ಡಗೆರೆ ಹಾಕಿ ಕಾನ್ಫಿಗರ್ ಎನ್ನಿ, ಮತ್ತೆ ಜಾಗ ಬಿಟ್ಟು ಒಂದು ಅಡ್ಡಗೆರೆ ಮತ್ತು ಚಿಕ್ಕ ಎ ಅಕ್ಷರ (sudo dpkg --configure -a). ಸಾಮಾನ್ಯವಾಗಿ ಅರ್ಧಕ್ಕೆ ನಿಂತದ್ದು ಮುಗಿಯುತ್ತದೆ.

ಇನ್ನೊಂದು ಮಾತು. ಸೆಟ್ಟಿಂಗ್ಸ್‌ನಲ್ಲಿ ವೈಫೈಗೆ ಹೋಗಿ, ನಿಮ್ಮ ಹಾಟ್‌ಸ್ಪಾಟ್ ಹೆಸರಿನ ಪಕ್ಕದ ಹಲ್ಲಿನ ಚಕ್ರ ಒತ್ತಿ. ಅಲ್ಲಿ ಮೀಟರ್ಡ್ ಕನೆಕ್ಷನ್ ಎನ್ನುವುದಕ್ಕೆ ಗುರುತು ಹಾಕಿ. ಇದು ದುಡ್ಡು ಕೊಟ್ಟು ಅಳೆದು ಬಳಸುವ ನೆಟ್ ಎಂದು ಕಂಪ್ಯೂಟರಿಗೆ ಹೇಳಿದ ಹಾಗೆ. ಆಪ್ಟ್‌ನ ತಾನಾಗಿ ಹಾಕುವ ಕೆಲಸ ಇದನ್ನು ನೋಡಿ ಸುಮ್ಮನಿರುತ್ತದೆ. ಸ್ನ್ಯಾಪ್ ಮಾತ್ರ ಬರೀ ಇದಕ್ಕೆ ಬಗ್ಗುವುದಿಲ್ಲ, ಅದಕ್ಕೇ ಮೇಲಿನ ಹೋಲ್ಡ್.

ನೀವು ಎಲ್ಲಾ ಆಫ್ ಮಾಡಿದ್ದೀರಲ್ಲ, ಅದರಲ್ಲಿ ಒಂದನ್ನು ವಾಪಸ್ ತನ್ನಿ. ಸೆಕ್ಯೂರಿಟಿ ಅಪ್‌ಡೇಟ್ ಬಂದಾಗ ಏನು ಮಾಡಲಿ ಎನ್ನುವ ಸಾಲಿನಲ್ಲಿ ಡಿಸ್‌ಪ್ಲೇ ಇಮ್ಮೀಡಿಯಟ್ಲಿ ಆರಿಸಿ, ಅದರ ಮೇಲಿನ ಸಾಲಿನಲ್ಲಿ ವಾರಕ್ಕೊಮ್ಮೆ ನೋಡು ಎಂದು ಇಡಿ. ಇಳಿಸುವುದಿಲ್ಲ, ಬಂದಿದೆ ಎಂದು ಹೇಳುತ್ತದೆ ಅಷ್ಟೇ. ಪಟ್ಟಿ ತರಿಸಿಕೊಳ್ಳಲು ಸ್ವಲ್ಪ ಡೇಟಾ ಹೋಗುತ್ತದೆ, ಹೋಗಲಿ.

22.04ಕ್ಕೆ ಮಾಮೂಲಿ ಬೆಂಬಲ 2027ರ ಏಪ್ರಿಲ್ ತನಕ ಎಂದು ಗೊತ್ತುಮಾಡಿದ್ದಾರೆ. ಹೊಸ ಆವೃತ್ತಿಗೆ ಹೋಗುವುದಾದರೆ ಕಾಲೇಜು ಅಡ್ಮಿಷನ್ ಗಲಾಟೆಯಿರುವ ಮೇ, ಜೂನ್‌ನಲ್ಲಿ ಮಾತ್ರ ಬೇಡ. ಅದು ಜಿಬಿಗಟ್ಟಲೆ ಇಳಿಯುತ್ತದೆ, ಬ್ರಾಡ್‌ಬ್ಯಾಂಡ್ ಇರುವ ನೆಂಟರ ಮನೆಗೆ ಸಿಪಿಯು ಒಯ್ದು ಮಾಡಿಕೊಳ್ಳಿ. ಅದಕ್ಕೆ ಮುಂಚೆ ಗ್ರಾಹಕರ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ.