ವೈರಸ್ ಸಿಗುತ್ತಿಲ್ಲ, ಸಿಡಿ4 ಏಕೆ ಏರುತ್ತಿಲ್ಲ?

ನಿಮ್ಮ ತಮ್ಮ ಐದು ವರ್ಷಗಳಿಂದ ಎಚ್‌ಐವಿ ಮಾತ್ರೆ ತಪ್ಪಿಸಿಲ್ಲ, ರಕ್ತದಲ್ಲಿ ವೈರಸ್ ಸಿಗುತ್ತಿಲ್ಲ, ಆದರೂ ಸಿಡಿ4, ಅಂದರೆ ಸೋಂಕಿನೊಡನೆ ಹೋರಾಡುವ ಬಿಳಿರಕ್ತಕಣಗಳ ಎಣಿಕೆ, 190 ದಾಟುತ್ತಿಲ್ಲ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾವನ್ನು ಸರಿಪಡಿಸುವ ಪುಡಿ ತರಿಸಲೇ ಎಂದು ಕೇಳಿದ್ದೀರಿ. ತರಿಸಬೇಡಿ. ನಾನು ತರಿಸಿ ತಿಂದವನು. ಒಂದು ಚೀಲ ಅಡಿಕೆಯ ಹಣ ಹೋಯಿತು, ಸಿಡಿ4 ಇದ್ದಲ್ಲೇ ಇತ್ತು.

ನಾನು ಬದಿಯಡ್ಕದ ಕಡೆಯವನು. 2006ರಲ್ಲಿ ಚಿಕಿತ್ಸೆ ಆರಂಭಿಸಿದಾಗ ನನ್ನ ಸಿಡಿ4 ಬರೀ 40. ಊರವರ ಕಣ್ಣಿಗೆ ಬೀಳಬಾರದೆಂದು ಕುಂಬಳೆಯಲ್ಲಿ ರೈಲು ಹತ್ತಿ ಮಂಗಳೂರಿಗೆ ಹೋಗುತ್ತಿದ್ದೆ. ಆಗ ಸಿಗುತ್ತಿದ್ದ ಸ್ಟಾವುಡಿನ್ ಎಂಬ ಔಷಧಿ ವೈರಸ್ಸನ್ನು ತಡೆಯುತ್ತಿತ್ತು, ಜೊತೆಗೆ ನಮ್ಮದೇ ಮೈಟೊಕಾಂಡ್ರಿಯಾದ ಡಿಎನ್‌ಎ ನಕಲು ಮಾಡುವ ಕಿಣ್ವಕ್ಕೂ ಅಡ್ಡ ಬರುತ್ತಿತ್ತು. ಕೆನ್ನೆ ಬತ್ತಿತು, ಪಾದ ಉರಿಯತೊಡಗಿತು. ಮದುವೆ ಮನೆಯಲ್ಲಿ ನೆಂಟರು ಸಕ್ಕರೆ ಕಾಯಿಲೆಯೇ ಎಂದು ಕೇಳಿದರೆ ಹೌದೆಂದು ತಲೆಯಾಡಿಸುತ್ತಿದ್ದೆ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಈ ಔಷಧಿಯನ್ನು ಹಂತ ಹಂತವಾಗಿ ಕೈಬಿಡಲು ಹೇಳಿತು.

ಈಗಿನ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಮಾತ್ರೆಯಲ್ಲಿ ಆ ಕಾಟ ತೀರಾ ಕಡಿಮೆ. ತಮ್ಮನದೂ ಅದೇ ಆಗಿದ್ದರೆ ಮಾತ್ರೆಯನ್ನು ದೂರಬೇಡಿ, ನಿಲ್ಲಿಸುವುದಂತೂ ಬೇಡವೇ ಬೇಡ. ವೈರಸ್ ಅಡಗಿದ ಮೇಲೂ ಒಳಗಿನ ಉರಿಯೂತ ಪೂರ್ತಿ ಆರುವುದಿಲ್ಲ. ಹಾನಿಯಾದ ಕರುಳಿನ ಗೋಡೆಯಿಂದ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಜಿನುಗುತ್ತಿರುತ್ತವೆ. ಬಿಡುವಿಲ್ಲದೆ ಕೆರಳಿದ ಸಿಡಿ4 ಕೋಶ ದಣಿಯುತ್ತದೆ. ಅದರ ಮೈಟೊಕಾಂಡ್ರಿಯಾದಿಂದ ಬೇಕಾದಷ್ಟು ಶಕ್ತಿ ಸಿಗದೆ, ಹೆಚ್ಚಬೇಕಾದ ಕೋಶವೇ ಸಾಯುತ್ತದೆ. ಬೇಸಗೆಯ ಸಂಜೆ ವೋಲ್ಟೇಜ್ ಇಳಿದಾಗ ನಮ್ಮ ತೋಟದ ಮೋಟಾರು ಗುಂಯ್‌ಗುಡುತ್ತದಲ್ಲ, ನೀರು ಮಾತ್ರ ಮೇಲೇರುವುದಿಲ್ಲ, ಹಾಗೆ. ನನ್ನಂತೆ ತಡವಾಗಿ ಚಿಕಿತ್ಸೆಗೆ ಬಂದವರಲ್ಲಿ ಹೊಸ ಕೋಶಗಳನ್ನು ಪಳಗಿಸುವ ಥೈಮಸ್ ಗ್ರಂಥಿಯೂ ಸೊರಗಿರುತ್ತದೆ, ದುಗ್ಧರಸ ಗ್ರಂಥಿಗಳಲ್ಲಿ ಗಾಯದ ನಾರು ಬೆಳೆದಿರುತ್ತದೆ. ಇಷ್ಟಕ್ಕೆಲ್ಲ ಒಂದು ಚಮಚ ಪುಡಿ ಏನು ಮಾಡೀತು?

ಅಂಕಿ ಏರಿಸಿದರೆ ಸಾಕು ಎನ್ನುವುದೂ ಸುಳ್ಳಾಗಿದೆ. ಇಂಟರ್‌ಲ್ಯೂಕಿನ್-2 ಎಂಬ, ಸಿಡಿ4 ಕೋಶಗಳನ್ನು ಹೆಚ್ಚಿಸುವ ಪ್ರೋಟೀನನ್ನು ಚುಚ್ಚಿ ನೋಡಿದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2009ರಲ್ಲಿ ಪ್ರಕಟವಾಯಿತು: ಸಿಡಿ4 ಏರಿತು, ಕಾಯಿಲೆಯಾಗಲಿ ಸಾವಾಗಲಿ ತಗ್ಗಲಿಲ್ಲ.

190 ಎಂದರೆ ಎಚ್ಚರ ಬೇಕು, ನಿಜ. ಸೋಂಕು ತಡೆಯಲು ಕೊಡುವ ಕೋಟ್ರಿಮಾಕ್ಸಜೋಲ್ ಮಾತ್ರೆಯನ್ನು ವೈದ್ಯರು ಹೇಳುವವರೆಗೆ ಬಿಡಬಾರದು. ಕ್ಷಯ, ಹೆಪಟೈಟಿಸ್ ಸಿ ಪರೀಕ್ಷೆ ಆಗಿದೆಯೇ, ಬೇರೆ ಯಾವುದಾದರೂ ಔಷಧಿ ಬಿಳಿರಕ್ತಕಣಗಳನ್ನು ಕುಗ್ಗಿಸುತ್ತಿದೆಯೇ ಎಂದು ಕೇಳಿ. ನಿಮ್ಮ ತಮ್ಮ ಬೀಡಿ ಸೇದುತ್ತಿದ್ದರೆ ಪುಡಿಗಿಂತ ಮೊದಲು ಅದನ್ನು ಬಿಡಿಸಿ.

ನನ್ನದು ಈಗ 260. ಈ ಮಳೆಗಾಲವೂ ಅಡಿಕೆಗೆ ಮದ್ದು ಬಿಡುವ ಕೆಲಸಕ್ಕೆ ನಾನೇ ನಿಂತಿದ್ದೆ.