ಮಾರ್ಕೆಟ್ ಡೇಟಾ ಲೈಸೆನ್ಸಿಂಗ್ ಟೀಮಿನಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ, ಸೇರಬಹುದಾ?

ಸೇರಿ. ಆದರೆ ಟ್ರೇಡಿಂಗ್ ಕಲಿಯಬಹುದು ಎಂಬ ಆಸೆಯಿಂದ ಸೇರಬೇಡಿ.

ಬಿ.ಕಾಂ ಕೊನೆಯ ವರ್ಷ, ಬೆಂಗಳೂರಿನಲ್ಲಿ ವಿದೇಶಿ ಬ್ಯಾಂಕೊಂದರ ಕಚೇರಿ, ಆರು ತಿಂಗಳು. ಕೆಲಸ ಏನು ಅಂತ ಎಚ್‌ಆರ್‌ನವರಿಗೂ ಬಿಡಿಸಿ ಹೇಳಲು ಆಗಲಿಲ್ಲ, ಇದು ಬರೀ ಎಕ್ಸೆಲ್ ತುಂಬುವ ಕೆಲಸವಾ, ಮುಂದೆ ದಾರಿ ಇದೆಯಾ ಅಂತ ಕೇಳಿದ್ದೀರಿ. ನಾನೂ ಇಂಥದೇ ಟೀಮಿಗೆ ಇಂಟರ್ನ್ ಆಗಿ ಬಂದವನು, ಈಗಲೂ ಅದೇ ಕೆಲಸದಲ್ಲಿ ಇದ್ದೇನೆ. ಎಚ್‌ಆರ್‌ನವರನ್ನು ದೂರಬೇಡಿ. ನಮ್ಮ ಮನೆಯವರು ಇವತ್ತಿಗೂ ನನ್ನನ್ನು ಷೇರು ಬ್ರೋಕರ್ ಅಂತಲೇ ತಿಳಿದಿದ್ದಾರೆ.

ಎನ್‌ಎಸ್‌ಇ (ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್) ವೆಬ್‌ಸೈಟಿನಲ್ಲಿ ಇನ್ಫೋಸಿಸ್ ಷೇರಿನ ಬೆಲೆಯನ್ನು ನೀವು ಪುಕ್ಕಟೆ ನೋಡಬಹುದು. ಅದೇ ಬೆಲೆಯನ್ನು ಒಂದು ಬ್ಯಾಂಕು ತನ್ನ ಸಿಸ್ಟಮ್‌ಗೆ ಎಳೆದುಕೊಂಡು ಬಳಸಬೇಕಾದರೆ ದುಡ್ಡು ಕೊಡಬೇಕು. ಇದನ್ನು ಮಾರುವುದಕ್ಕೆಂದೇ ಎನ್‌ಎಸ್‌ಇ ಡೇಟಾ ಅಂಡ್ ಅನಲಿಟಿಕ್ಸ್ ಎಂಬ ಬೇರೆ ಕಂಪನಿ ಇದೆ. ಲಂಡನ್, ನ್ಯೂಯಾರ್ಕ್ ಎಕ್ಸ್‌ಚೇಂಜ್‌ಗಳದ್ದೂ ಇದೇ ಕಥೆ. ಡೇಟಾ ಬರುವುದು ಬಹುಪಾಲು ಬ್ಲೂಮ್‌ಬರ್ಗ್, ಎಲ್‌ಎಸ್‌ಇಜಿ ಥರದ ವೆಂಡರ್‌ಗಳ, ಅಂದರೆ ಡೇಟಾ ತಲುಪಿಸುವ ಕಂಪನಿಗಳ ಮೂಲಕ. (ಎಲ್‌ಎಸ್‌ಇಜಿ ಅಂದರೆ ಲಂಡನ್ ಸ್ಟಾಕ್ ಎಕ್ಸ್‌ಚೇಂಜ್ ಗ್ರೂಪ್. 2021ರಲ್ಲಿ ರೆಫಿನಿಟಿವ್ ಎಂಬ ಡೇಟಾ ಕಂಪನಿಯನ್ನು ಕೊಂಡದ್ದು ಇವರೇ.) ಹೊಸಬರು ಎಡವುವುದು ಇಲ್ಲೇ. ವೆಂಡರ್‌ಗೆ ಕೊಟ್ಟ ದುಡ್ಡಿನಲ್ಲಿ ಎಕ್ಸ್‌ಚೇಂಜಿನ ದುಡ್ಡು ಸಾಮಾನ್ಯವಾಗಿ ಸೇರಿರುವುದಿಲ್ಲ. ರಿಯಲ್ ಟೈಮ್ ಬೆಲೆ ಬೇಕಿದ್ದರೆ ಎಕ್ಸ್‌ಚೇಂಜ್ ಫೀ ಬೇರೆ.

ಆ ಫೀ ಕೂಡ ಎಲ್ಲರಿಗೂ ಒಂದೇ ಅಲ್ಲ. ಈ ಕ್ಷಣದ ಬೆಲೆಗೆ ಒಂದು ರೇಟು. 15 ನಿಮಿಷ ತಡವಾಗಿ ಬಂದರೆ ಕಡಿಮೆ, ಕೆಲವು ಕಡೆ ಏನೂ ಇಲ್ಲ. ಬರೀ ಮೇಲಿನ ಬಿಡ್ ಮತ್ತು ಆಫರ್ (ಕೊಳ್ಳುವವರ, ಮಾರುವವರ ಅತ್ಯುತ್ತಮ ಬೆಲೆ) ಸಾಕಾ, ಆರ್ಡರ್ ಬುಕ್ಕಿನ ಆಳವೂ (ಅವುಗಳ ಹಿಂದೆ ಕಾದಿರುವ ಆರ್ಡರ್‌ಗಳೂ) ಬೇಕಾ? ಮನುಷ್ಯರು ಸ್ಕ್ರೀನ್ ಮೇಲೆ ನೋಡುತ್ತಾರಾ, ಅಥವಾ ಯಾರೂ ನೋಡದೆ, ತಾನೇ ವಹಿವಾಟು ಮಾಡುವ ಆಲ್ಗೋ ಪ್ರೋಗ್ರಾಮೇ ನುಂಗುತ್ತದಾ? ಎರಡನೆಯದಕ್ಕೆ ನಾನ್-ಡಿಸ್‌ಪ್ಲೇ ಅಂತಾರೆ. ತಲೆಗಿಷ್ಟು ಅಂತ ಲೆಕ್ಕ ಹಾಕಲು ಅಲ್ಲಿ ತಲೆಯೇ ಇರುವುದಿಲ್ಲವಲ್ಲ, ಹಾಗಾಗಿ ಅದಕ್ಕೆ ಬೇರೆಯದೇ ದರ.

ನಿಮ್ಮ ಕೈಗೆ ಮೊದಲು ಬರುವುದು ತಿಂಗಳ ಕೊನೆಗೆ ತಾಳೆ ನೋಡುವ ಕೆಲಸ. ಒಂದು ಕಡೆ ಯಾರ್ಯಾರಿಗೆ ಯಾವ ಎಕ್ಸ್‌ಚೇಂಜಿನ ಡೇಟಾ ತೆರೆದಿದೆ ಎಂಬ ಪಟ್ಟಿ, ಇನ್ನೊಂದು ಕಡೆ ಎಚ್‌ಆರ್ ಕೊಟ್ಟ ನೌಕರರ ಪಟ್ಟಿ, ಮೂರನೆಯದು ಇನ್‌ವಾಯ್ಸ್. ಮೂರೂ ಒಂದಕ್ಕೊಂದು ತಾಳೆಯಾಗುವುದೇ ಅಪರೂಪ. ಡೆಸ್ಕ್ ಬಿಟ್ಟು ಬೇರೆ ವಿಭಾಗಕ್ಕೆ ಹೋದವರ ಹೆಸರಿನಲ್ಲಿ ಹಾಂಗ್‌ಕಾಂಗ್ ಡೇಟಾ ಇನ್ನೂ ತೆರೆದೇ ಇರುತ್ತದೆ. ತಿಂಗಳಿಡೀ ಅವರು ಅದರ ಕಡೆ ತಿರುಗಿಯೂ ನೋಡಿರುವುದಿಲ್ಲ. ಆದರೂ ಫೀ ಕಟ್ಟಬೇಕು. ಯಾಕೆಂದರೆ ಹೆಚ್ಚಿನ ಅಗ್ರಿಮೆಂಟ್‌ಗಳಲ್ಲಿ ನೋಡಿದ್ದಕ್ಕೆ ಅಲ್ಲ, ನೋಡಬಹುದಾಗಿತ್ತು ಎಂಬುದಕ್ಕೇ ಲೆಕ್ಕ. ಇನ್ನು ಕೆಲವರಿಗೆ ಒಂದೇ ಎಕ್ಸ್‌ಚೇಂಜಿನ ಡೇಟಾ ಎರಡು ವೆಂಡರ್‌ಗಳಿಂದ ಬರುತ್ತಿರುತ್ತದೆ. ಒಬ್ಬರಿಗೆ ಒಂದೇ ಸಲ ಫೀ ಸಾಕು ಅಂತ ಒಪ್ಪುವ ಎಕ್ಸ್‌ಚೇಂಜ್‌ಗಳಿವೆ, ಆದರೆ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆದಿರಬೇಕು. ಯಾರೂ ಕೇಳದಿದ್ದರೆ ವರ್ಷಗಟ್ಟಲೆ ಎರಡು ಸಲ ಕಟ್ಟುತ್ತಲೇ ಇರುತ್ತಾರೆ. ಇಂಥದೊಂದನ್ನು ಹಿಡಿದುಕೊಟ್ಟರೆ ಇಂಟರ್ನ್ ಹೆಸರು ಮ್ಯಾನೇಜರ್‌ಗೆ ಬಾಯಿಪಾಠ ಆಗುತ್ತದೆ.

ಇಷ್ಟು ಎಕ್ಸೆಲ್ ಕೆಲಸ, ನಿಜ. ರುಚಿ ಇರುವುದು ಅದರ ಮುಂದಿನದರಲ್ಲಿ. ನಾನು ಇಂಟರ್ನ್ ಆಗಿದ್ದಾಗ ಒಂದು ತಂಡದವರು ಬಂದು, ಷೇರು ಬೆಲೆಗಳನ್ನು ಕೂಡಿಸಿ ನಮ್ಮದೇ ಒಂದು ಸೂಚ್ಯಂಕ ಮಾಡಿದ್ದೇವೆ, ಗ್ರಾಹಕರಿಗೆ ತೋರಿಸಬಹುದಾ ಅಂತ ಕೇಳಿದರು. ಕೇಳಲು ಸರಳ. ಆದರೆ ಆ ಸೂಚ್ಯಂಕದಿಂದ ಹಿಂದಕ್ಕೆ ಲೆಕ್ಕ ಹಾಕಿ ಮೂಲ ಬೆಲೆ ತೆಗೆಯಲು ಆಗುತ್ತದಾ? ಮೂಲ ಬೆಲೆಯ ಬದಲು ಅದನ್ನೇ ಬಳಸಿಕೊಳ್ಳಬಹುದಾ? ಗ್ರಾಹಕರು ಅಂದರೆ ನಮ್ಮದೇ ಗುಂಪಿನ ಕಂಪನಿಯಾ, ಹೊರಗಿನವರಾ? ಮೂರು ಎಕ್ಸ್‌ಚೇಂಜ್‌ಗಳ ಅಗ್ರಿಮೆಂಟ್ ತೆರೆದರೆ ಮೂರು ಥರದ ಉತ್ತರ. ನನ್ನ ಮೇಲಿನವರು ಪ್ರಿಂಟ್ ತೆಗೆಸಿ, ಪೆನ್ಸಿಲ್ ಹಿಡಿದು, ಯಾವ ಪದಕ್ಕೆ ಏನರ್ಥ ಎಂಬ ಪುಟದಿಂದಲೇ ಓದಲು ಶುರು ಮಾಡಿದರು. ದರದ ಪುಟ ತೆರೆದದ್ದು ಕಟ್ಟಕಡೆಗೆ. ನನಗೆ ಈ ಕೆಲಸ ಹಿಡಿಸಿದ್ದು ಅವತ್ತು.

ಲೈಸೆನ್ಸ್ ಅಂದರೆ ಬರೀ ಕಾಗದಪತ್ರದ ತಂಟೆ ಅನ್ನಿಸಿದರೆ ಎಸ್‌ಜಿಎಕ್ಸ್ (ಸಿಂಗಪುರ ಎಕ್ಸ್‌ಚೇಂಜ್) ನಿಫ್ಟಿ ಕಥೆ ಓದಿ. ನಿಫ್ಟಿ ಅಂದರೆ ಎನ್‌ಎಸ್‌ಇಯ ಷೇರು ಸೂಚ್ಯಂಕ. ಬೆಳಿಗ್ಗೆ ನಮ್ಮ ಪೇಟೆ ತೆರೆಯುವ ಮೊದಲು ಸಿಂಗಪುರದಲ್ಲಿ ನಿಫ್ಟಿ ಎಷ್ಟಿದೆ ಅಂತ ಟಿವಿಯವರು ಹೇಳುತ್ತಿದ್ದರು, ಅಲ್ವಾ? ಅದು ನಿಂತಿದ್ದದ್ದು ಎನ್‌ಎಸ್‌ಇ ಕಡೆಯಿಂದ ಸಿಕ್ಕ ಲೈಸೆನ್ಸ್ ಮೇಲೆ. 2018ರ ಫೆಬ್ರವರಿಯಲ್ಲಿ ನಮ್ಮ ದೇಶದ ಎಕ್ಸ್‌ಚೇಂಜ್‌ಗಳಾದ ಎನ್‌ಎಸ್‌ಇ, ಬಿಎಸ್‌ಇ, ಎಂಎಸ್‌ಇಐ ಮೂರೂ ಸೇರಿ ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಸೂಚ್ಯಂಕ, ಡೇಟಾ ಕೊಡುವುದನ್ನು ನಿಲ್ಲಿಸುತ್ತೇವೆ ಅಂದವು. ಜಗಳ ಬಾಂಬೆ ಹೈಕೋರ್ಟಿನವರೆಗೂ ಹೋಯಿತು. ಕೊನೆಗೆ ರಾಜಿಯಾಗಿ, 2023ರ ಜುಲೈ 3ರಿಂದ ಆ ವಹಿವಾಟು ಗುಜರಾತಿನ ಗಿಫ್ಟ್ ಸಿಟಿಗೆ ಬಂದು ಗಿಫ್ಟ್ ನಿಫ್ಟಿ ಆಯಿತು. ಷೇರು ಪೇಟೆಯ ನಿಯಂತ್ರಕ ಸೆಬಿಯ 2024ರ ಮೇ ತಿಂಗಳ ಸುತ್ತೋಲೆಯನ್ನೂ ಒಮ್ಮೆ ನೋಡಿ. ವರ್ಚುವಲ್ ಟ್ರೇಡಿಂಗ್, ಫ್ಯಾಂಟಸಿ ಗೇಮ್ ನಡೆಸುವವರಿಗೆ ರಿಯಲ್ ಟೈಮ್ ಬೆಲೆ ಸಿಗದಂತೆ ಅದು ತಡೆ ಹಾಕಿತು. ಯಾರು, ಯಾವುದಕ್ಕೆ ಬಳಸುತ್ತಾರೆ ಎಂಬ ಪ್ರಶ್ನೆಯೇ ಅಲ್ಲೂ ಇರುವುದು.

ಬೇಸರದ ಸಂಗತಿಯನ್ನೂ ಹೇಳಿಬಿಡುತ್ತೇನೆ. ವಿದೇಶಿ ಬ್ಯಾಂಕುಗಳಲ್ಲಿ ದರದ ಚೌಕಾಸಿ ಜಾಸ್ತಿ ನಡೆಯುವುದು ಲಂಡನ್, ನ್ಯೂಯಾರ್ಕ್‌ನಲ್ಲಿ. ಬೆಂಗಳೂರಿನ ಪಾಲಿಗೆ ಲೆಕ್ಕ, ರಿಪೋರ್ಟು, ಎಕ್ಸ್‌ಚೇಂಜಿನವರ ಆಡಿಟ್ ಬಂದಾಗ ದಾಖಲೆ ಜೋಡಿಸಿಕೊಡುವುದು. ಇಲ್ಲಿದ್ದುಕೊಂಡೇ ಆ ಚೌಕಾಸಿಯಲ್ಲಿ ಜಾಗ ಸಿಗಬೇಕಾದರೆ ಅಗ್ರಿಮೆಂಟ್ ಓದಿ ಅರ್ಥ ಹೇಳಲು ಬರಬೇಕು. ಎಕ್ಸೆಲ್ ಎಲ್ಲರಿಗೂ ಬರುತ್ತದೆ. ಸ್ವಲ್ಪ ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ) ಕಲಿತುಕೊಂಡು ಬನ್ನಿ, ಉಪಯೋಗಕ್ಕೆ ಬರುತ್ತದೆ. ಎಫ್‌ಐಎಸ್‌ಡಿ ಎಂಬ ಉದ್ಯಮ ಸಂಘದ ಎಫ್‌ಐಎ ಪರೀಕ್ಷೆ ಬಗ್ಗೆ ಯಾರಾದರೂ ಹೇಳಿದರೆ, ಈಗಲೇ ಬೇಡ, ಸುಮ್ನೆ ದುಡ್ಡು ದಂಡ. ಕೆಲಸ ಗಟ್ಟಿಯಾದ ಮೇಲೆ ನೋಡಬಹುದು. ಮುಂದಿನ ದಾರಿಗೆ ತೊಂದರೆ ಇಲ್ಲ. ವೆಂಡರ್, ಎಕ್ಸ್‌ಚೇಂಜ್, ಫಂಡ್ ಕಂಪನಿ, ಎಲ್ಲ ಕಡೆಯೂ ಇದೇ ಕೆಲಸ ಇದೆ. ಬ್ಯಾಂಕಿನ ಕಡೆಯಿಂದ ಆಡಿಟ್ ಎದುರಿಸಿದವರನ್ನು ಎಕ್ಸ್‌ಚೇಂಜಿನವರೇ ಆಡಿಟ್ ಮಾಡಲು ಕರೆದುಕೊಳ್ಳುವುದೂ ಉಂಟು.

ಆಫರ್ ಒಪ್ಪುವ ಮೊದಲು ಮ್ಯಾನೇಜರ್ ಹತ್ತಿರ ಒಂದು ಮಾತು ಕೇಳಿ: ಇಂಟರ್ನ್‌ಗಳಿಗೆ ಅಗ್ರಿಮೆಂಟ್ ನೋಡಲು ಬಿಡುತ್ತೀರಾ, ಇಲ್ಲ ಇನ್‌ವಾಯ್ಸ್ ಎಂಟ್ರಿ ಮಾತ್ರವಾ? ಎಂಟ್ರಿ ಮಾತ್ರ ಅಂದರೆ, ಕೈಯಲ್ಲಿ ಬೇರೆ ಆಫರ್ ಇದ್ದಲ್ಲಿ ಅದನ್ನೇ ಹಿಡಿಯಿರಿ.